ಸಮ ಎಲ್ಲಿದೆ? ತಾಳದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೃದಂಗ ಕಲಿತವನು, ಈಗ ಕಲಿಸುತ್ತೇನೆ. ನನ್ನ ಹತ್ತಿರ ಬರುವ ತಕರಾರುಗಳಲ್ಲಿ ಮುಕ್ಕಾಲು ಪಾಲು ಒಂದೇ: "ಸಮ ಸಿಗುತ್ತಿಲ್ಲ." ಪಾಠದ ನಡುವೆ, ಕಛೇರಿ ಮುಗಿದ ಮೇಲೆ ಕಾಫಿ ಕುಡಿಯುವಾಗ, ಪತ್ರದಲ್ಲಿ, ವಾಟ್ಸಾಪಿನಲ್ಲಿ ಜನ ಕೇಳಿದ್ದನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಹೆಚ್ಚಿನ ಉದಾಹರಣೆಗಳು ಕರ್ನಾಟಕ ಸಂಗೀತದವು, ನನಗೆ ಗೊತ್ತಿರುವುದು ಅದೇ. ಹಿಂದೂಸ್ತಾನಿಯವರಿಗೂ ಡ್ರಮ್ಸಿನವರಿಗೂ ಒಂದೊಂದು ಪ್ರಶ್ನೆ ಇದೆ.

## ಈಗ ತಾನೇ ಶುರು ಮಾಡಿದವರಿಗೆ

"ಸಮ ಸಮ ಅಂತೀರಲ್ಲ, ತಾಳದ ಮೊದಲ ಏಟು ಅಷ್ಟೇ ತಾನೆ?"

ಮೊದಲ ಏಟು ಹೌದು. ಆದರೆ ಕೊನೆಯೂ ಅದೇ. ಆದಿತಾಳ ತಗೊಳ್ಳಿ. ಒಂದು ಆವರ್ತಕ್ಕೆ, ಅಂದರೆ ಒಂದು ಸುತ್ತಿಗೆ, 8 ಅಕ್ಷರ. ತಾಳದಲ್ಲಿ ಅಕ್ಷರ ಅಂದರೆ ಒಂದು ಎಣಿಕೆ. ಒಂದು ಲಘು, ಎರಡು ದ್ರುತ. ಲಘುವಿಗೆ ಒಂದು ಏಟು, ಆಮೇಲೆ ಕಿರುಬೆರಳು, ಉಂಗುರ ಬೆರಳು, ನಡುಬೆರಳು. ದ್ರುತಕ್ಕೆ ಒಂದು ಏಟು, ಒಂದು ಹುಸಿ (ಅಂಗೈ ಮೇಲೆ ಮಾಡುವುದು). ಹೀಗೆ ಎಂಟು ಮುಗಿದು ಮತ್ತೆ ಬೀಳುವ ಏಟು ಹಳೆಯ ಸುತ್ತನ್ನು ಮುಗಿಸುತ್ತದೆ, ಹೊಸದನ್ನು ಶುರು ಮಾಡುತ್ತದೆ. ಮೃದಂಗದವನ ಮುಕ್ತಾಯ ಬಂದು ಬೀಳುವುದು ಸಾಮಾನ್ಯವಾಗಿ ಅಲ್ಲಿಗೇ. ತೇರು ಬೀದಿ ಸುತ್ತಿ ದೇವಸ್ಥಾನದ ಮುಂದೆ ತನ್ನ ಜಾಗಕ್ಕೆ ಬಂದು ನಿಲ್ಲುತ್ತದಲ್ಲ, ಆ ಜಾಗ ಅಂದುಕೊಳ್ಳಿ.

ಒಂದು ತಪ್ಪು ಕಲ್ಪನೆ ಇದೆ, ಸಮ ಜೋರಾಗಿ ಕೇಳಬೇಕು ಅಂತ. ಹಾಗೇನಿಲ್ಲ. ಎಷ್ಟೋ ಸಲ ಸಮದಲ್ಲಿ ಹಾಡುವವರೂ ಸುಮ್ಮನಿರುತ್ತಾರೆ, ನುಡಿಸುವವರೂ ಸುಮ್ಮನಿರುತ್ತಾರೆ. ಆದರೂ ಅದು ಅಲ್ಲೇ ಇರುತ್ತದೆ. ಸದ್ದಿಲ್ಲದ ಸಮವನ್ನು ಗುರುತಿಸಲು ಬರಬೇಕು. ಮುಂದಿನ ಉತ್ತರಗಳೆಲ್ಲ ಅದಕ್ಕಾಗಿಯೇ.

"ನಂಗೆ ತಾಳಜ್ಞಾನ ಹುಟ್ಟಿನಿಂದ್ಲೇ ಇಲ್ಲ. ಈ ವಯಸ್ಸಲ್ಲಿ ಬರುತ್ತಾ?"

ಹುಟ್ಟಿನಿಂದ ಇಲ್ಲ ಅನ್ನುವ ಮಾತು ಬಿಡಿ. ಹಂಗೇರಿಯಲ್ಲಿ ಹುಟ್ಟಿ ಎರಡು ಮೂರು ದಿನವಾದ ಶಿಶುಗಳ ಮೇಲೆ ನಡೆದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಮಲಗಿದ್ದ ಕೂಸುಗಳಿಗೆ ಡ್ರಮ್ಮಿನ ಒಂದು ನಡೆಯನ್ನು ಕೇಳಿಸುತ್ತಾ ಮೆದುಳಿನ ಚಟುವಟಿಕೆ ಅಳೆದರು. ನಡುವಿನ ಸಣ್ಣಪುಟ್ಟ ಏಟು ಬಿಟ್ಟಾಗ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಮೊದಲ ಏಟನ್ನೇ ಬಿಟ್ಟಾಗ ಮಾತ್ರ ಮೆದುಳು "ಏನೋ ತಪ್ಪಿತು" ಅನ್ನುವ ಹಾಗೆ ಪ್ರತಿಕ್ರಿಯೆ ತೋರಿಸಿತು. ಕಣ್ಣು ಬಿಡದ ಕೂಸಿಗೇ ಅಷ್ಟು ಗೊತ್ತಾಗುತ್ತದೆ.

ನಿಜವಾಗಿ ತಾಳ ಹಿಡಿಯಲಾಗದವರು ತೀರಾ ಅಪರೂಪ. ಉಳಿದವರಿಗೆ ಇಲ್ಲದ್ದು ಜ್ಞಾನವಲ್ಲ, ರೂಢಿ. 60 ದಾಟಿದ ಮೇಲೆ ಕಲಿಯಲು ಬಂದ ಒಬ್ಬರು ಮೊದಲ ಮೂರು ತಿಂಗಳು ಆದಿತಾಳದ ಹುಸಿಯನ್ನೇ ಮರೆಯುತ್ತಿದ್ದರು. ಈಗ ಕಛೇರಿಯಲ್ಲಿ ಪಕ್ಕದಲ್ಲಿ ಕೂತವರ ತಾಳ ತಪ್ಪಿದರೆ ಮೊಣಕೈಯಿಂದ ತಿವಿಯುತ್ತಾರೆ. ಇದು ಒಳ್ಳೆಯ ಅಭ್ಯಾಸ ಅಂತ ನಾನು ಹೇಳುತ್ತಿಲ್ಲ.

"ಗೊತ್ತಿಲ್ಲದ ಹಾಡು ಕೇಳುವಾಗ ಸಮ ಹುಡುಕೋದು ಹೇಗೆ?"

ಹಾಡಿನ ಮೊದಲ ಅಕ್ಷರವನ್ನು ನಂಬಬೇಡಿ. ಎಲ್ಲರೂ ಎಡವುವುದು ಅಲ್ಲೇ. ಹುಟ್ಟುಹಬ್ಬಕ್ಕೆ ಹಾಡುವ "ಹ್ಯಾಪಿ ಬರ್ತ್‌ಡೇ" ನೋಡಿ. ಮೂರು ಎಣಿಕೆಯ ಹಾಡು ಅದು. ಸಮ ಬೀಳುವುದು "ಬರ್ತ್" ಮೇಲೆ. "ಹ್ಯಾಪಿ" ಅದಕ್ಕೂ ಮೊದಲೇ, ಹಿಂದಿನ ಸುತ್ತಿನ ಬಾಲದಲ್ಲಿ ಬರುತ್ತದೆ. ಕೇಕ್ ಮುಂದೆ ನಿಂತ ಜನ ಒಬ್ಬೊಬ್ಬರು ಒಂದೊಂದು ಕಡೆ ಚಪ್ಪಾಳೆ ತಟ್ಟುವುದಕ್ಕೆ ಇದೂ ಒಂದು ಕಾರಣ.

ಸುಮ್ನೆ ಎರಡು ಮೂರು ಸಾಲು ಕೇಳಿ. ಮೃದಂಗವಾದರೆ ಎಡಗಡೆಯ ದಪ್ಪ ನಾದಕ್ಕೆ ಕಿವಿ ಕೊಡಿ. ಸಾಲು ಮುಗಿಯುವ ಮುಂಚೆ ಮೃದಂಗದವನು ಏಟುಗಳ ಒಂದೇ ಗುಚ್ಛವನ್ನು ಮೂರು ಸಲ ನುಡಿಸಿದರೆ, ಮೂರನೆಯದು ಮುಗಿಯುವ ಜಾಗ ಸಮವೋ, ಹಾಡಿನ ಪಲ್ಲವಿ ಶುರುವಾಗುವ ಜಾಗವೋ ಆಗಿರುತ್ತದೆ. ಅಲ್ಲಿಂದ ನಿಮ್ಮ ತಾಳ ಶುರು ಮಾಡಿ, ಮುಂದಿನ ಸುತ್ತಿಗೆ ಹೊಂದುತ್ತದೆಯಾ ನೋಡಿ. ಹೊಂದದಿದ್ದರೆ ಬಿಟ್ಟು ಮತ್ತೆ ಹಿಡಿಯಿರಿ. ತಪ್ಪು ಜಾಗದಲ್ಲಿ ಹಟ ಹಿಡಿದು ಕೂರುವುದೇ ದೊಡ್ಡ ತೊಂದರೆ.

"ತೊಡೆ ಮೇಲೆ ತಾಳ ಹಾಕ್ಲೇಬೇಕಾ? ಕಾಲು ಕುಣಿಸಿದ್ರೆ ಸಾಲದಾ?"

ಹಾಕಲೇಬೇಕು, ಕಲಿಯುವಷ್ಟು ದಿನ. ಕಾಲು ಕುಣಿಸಿದರೆ ಲಯ ಗೊತ್ತಾಗುತ್ತದೆ, ಜಾಗ ಗೊತ್ತಾಗುವುದಿಲ್ಲ. ಕಾಲಿನ ಎಲ್ಲ ಏಟೂ ಒಂದೇ ಥರ. ಕೈಯಲ್ಲಿ ಹಾಗಲ್ಲ. ಆದಿತಾಳದಲ್ಲಿ ಏಟು ಬೀಳುವುದು 1, 5, 7ಕ್ಕೆ. ಬೆರಳು 2, 3, 4ಕ್ಕೆ. ಹುಸಿ 6, 8ಕ್ಕೆ. ಅಂದರೆ ನಡುವೆ ಎಲ್ಲಿ ನಿಲ್ಲಿಸಿ ಕೇಳಿದರೂ ಸಮ ಎಷ್ಟು ದೂರ ಇದೆ ಅಂತ ಕೈಯೇ ಹೇಳುತ್ತದೆ. ನಡುಬೆರಳಿನಲ್ಲಿದ್ದೀರಾ? ಅರ್ಧ ಸುತ್ತು ಮುಗಿಯಿತು.

ಮೈಯಿಂದ ಕಿವಿ ಕಲಿಯುತ್ತದೆ ಅನ್ನುವುದು ಹಳೆಯ ನಂಬಿಕೆ ಮಾತ್ರ ಅಲ್ಲ. ಕೆನಡಾದಲ್ಲಿ ಏಳು ತಿಂಗಳ ಮಕ್ಕಳಿಗೆ ಒತ್ತೇ ಇಲ್ಲದ ಒಂದು ನಡೆಯನ್ನು ಕೇಳಿಸುತ್ತಾ, ಕೆಲವರನ್ನು ಎರಡು ಏಟಿಗೊಮ್ಮೆ, ಕೆಲವರನ್ನು ಮೂರು ಏಟಿಗೊಮ್ಮೆ ಎತ್ತಿ ಕುಣಿಸಿದರು. ಆಮೇಲೆ ಒತ್ತು ಸೇರಿಸಿದ ನಡೆಗಳನ್ನು ಕೇಳಿಸಿದಾಗ, ತಾವು ಹೇಗೆ ಕುಣಿದಿದ್ದವೋ ಅದಕ್ಕೆ ಹೊಂದುವುದನ್ನೇ ಮಕ್ಕಳು ಜಾಸ್ತಿ ಹೊತ್ತು ಕೇಳಿದವು. 2005ರಲ್ಲಿ ಪ್ರಕಟವಾದ ಅಧ್ಯಯನ ಇದು. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಭಜನೆಗೆ ಕುಣಿಸುತ್ತಿದ್ದ ಅಜ್ಜಿಯರು ತಾಳದ ಪಾಠವನ್ನೇ ಮಾಡುತ್ತಿದ್ದರು.

"ಎಣಿಸಿದ್ರೆ ಹಾಡೋಕಾಗಲ್ಲ, ಹಾಡಿದ್ರೆ ಎಣಿಕೆ ತಪ್ಪುತ್ತೆ. ಏನ್ ಮಾಡ್ಲಿ?"

ಎಣಿಸುವುದನ್ನು ಬಿಡಿ. ಇದು ನನ್ನ ಗಟ್ಟಿ ಅಭಿಪ್ರಾಯ, ಒಪ್ಪದ ಮೇಷ್ಟ್ರುಗಳು ಇದ್ದಾರೆ. ಒಂದು ಎರಡು ಮೂರು ಅಂತ ಮನಸ್ಸಿನಲ್ಲಿ ಹೇಳಿಕೊಳ್ಳುವುದೂ ಮಾತು, ಸಾಹಿತ್ಯ ಹೇಳುವುದೂ ಮಾತು. ಒಂದೇ ಬಾಯಿಗೆ ಎರಡು ತುತ್ತು ಇಟ್ಟ ಹಾಗೆ. ಎಣಿಕೆಯನ್ನು ಕೈಗೆ ಕೊಟ್ಟುಬಿಡಿ, ಬಾಯಿ ಹಾಡಲಿ.

ಅದಕ್ಕೆ ಮೊದಲು ಕೈ ತಾನಾಗಿ ತಿರುಗಬೇಕು. ಅಡುಗೆಮನೆಯಲ್ಲಿ ಹಾಲು ಕಾಯುವ ತನಕ, ಬಸ್ ಬರುವ ತನಕ ಆದಿತಾಳ ಹಾಕುತ್ತಾ ಯಾರ ಜೊತೆಗಾದರೂ ಮಾತಾಡಿ. ಮಾತಿನ ನಡುವೆ ಕೈ ನಿಂತರೆ ಇನ್ನೂ ಆಗಿಲ್ಲ ಅಂತ. ನಿಲ್ಲದೆ ಹೋಯಿತು ಅಂದಮೇಲೆ ಎಲ್ಲರಿಗೂ ಬರುವ ಗೀತೆ ತೆಗೆದುಕೊಳ್ಳಿ. "ಶ್ರೀ ಗಣನಾಥ" ರೂಪಕ ತಾಳ, "ಕೆರೆಯ ನೀರನು" ತ್ರಿಪುಟ ತಾಳ. ಎರಡೂ ಮಲಹರಿ ರಾಗ, ಎರಡೂ ಸಮದಿಂದಲೇ ಶುರು. ಮೊದಲು ಗಟ್ಟಿಯಾಗಿ ಹಾಡಿ. ಆಮೇಲೆ ಒಂದು ಸಾಲು ಹಾಡಿ, ಮುಂದಿನ ಸಾಲು ಮನಸ್ಸಿನಲ್ಲೇ. ಅದರ ಮುಂದಿನದು ಮತ್ತೆ ಗಟ್ಟಿಯಾಗಿ. ಕೈ ಮಾತ್ರ ನಿಲ್ಲಬಾರದು. ನೋಡಲು ಮಕ್ಕಳಾಟದ ಹಾಗಿದೆ. ವರ್ಷಗಟ್ಟಲೆ ಕಲಿತವರೂ ಮೂರನೇ ಸಾಲಿನಲ್ಲಿ ಸಿಕ್ಕಿಬೀಳುವುದನ್ನು ನೋಡಿದ್ದೇನೆ.

## ಒಂದಷ್ಟು ಕಲಿತವರಿಗೆ

"ಸಮದಿಂದ ಶುರುವಾಗೋ ಹಾಡು ಓಕೆ. ಅರ್ಧ ಎಡುಪು ಅಂದ ತಕ್ಷಣ ಎಲ್ಲಾ ಗಲಿಬಿಲಿ. ಯಾಕೆ?"

ಹಾಡು ಎತ್ತಿಕೊಳ್ಳುವ ಜಾಗವೇ ಎಡುಪು. ಸಮಕ್ಕೂ ಮೊದಲೇ ಎತ್ತಿಕೊಂಡರೆ ಅತೀತ, ಸಮ ಆದಮೇಲೆ ಎತ್ತಿಕೊಂಡರೆ ಅನಾಗತ. ಅರ್ಧ ಅಕ್ಷರ ಬಿಟ್ಟು ಶುರುವಾಗುವ ಆದಿತಾಳದ ಕೃತಿಗಳು ಬೇಕಾದಷ್ಟಿವೆ. ದೇಶಾದಿ ಅಂತ ಕರೆಯುವ ಕೃತಿಗಳಲ್ಲಿ ಸಮದಿಂದ ಒಂದೂವರೆ ಅಕ್ಷರ ಬಿಟ್ಟು ಸಾಹಿತ್ಯ ಬರುತ್ತದೆ.

ಗಲಿಬಿಲಿಗೆ ಕಾರಣ ನೀವು ಹಾಡಿನ ಮೊದಲ ಅಕ್ಷರವನ್ನೇ ಸಮ ಅಂದುಕೊಂಡು ಅಭ್ಯಾಸ ಮಾಡಿರುವುದು. ಕೈ ಸಾಹಿತ್ಯಕ್ಕೆ ಅಂಟಿಕೊಂಡಿದೆ. ಅದಕ್ಕೇ ಕೃತಿ ಎತ್ತಿಕೊಳ್ಳುವ ಮುಂಚೆ ಎರಡು ಆವರ್ತ ಬರೀ ತಾಳ ಹಾಕಿ. ಬಾಯಿ ಮುಚ್ಚಿಕೊಂಡು. ಸಮದ ಏಟು ಬಿದ್ದಾಗ ಉಸಿರು ತೆಗೆದುಕೊಳ್ಳಿ, ಆ ಉಸಿರಿನ ತುದಿಯಲ್ಲಿ ಹಾಡು ಬರಲಿ. ಅರ್ಧ ಎಡುಪಿಗೆ ಇದು ಚೆನ್ನಾಗಿ ಕೂರುತ್ತದೆ. ಒಂದೂವರೆಗೆ ಏಟಿನಲ್ಲಿ ಉಸಿರು, ಕಿರುಬೆರಳು ಮುಟ್ಟಿದ ಮೇಲೆ ಹಾಡು.

ಇನ್ನೊಂದು ಅಭ್ಯಾಸ ಇದೆ, ಸ್ವಲ್ಪ ಕ್ರೂರ. ಪಲ್ಲವಿ ಹಾಡುತ್ತಾ, ಸಮದ ಮೇಲೆ ಬರುವ ಸಾಹಿತ್ಯದ ಅಕ್ಷರ ಯಾವುದು ಅಂತ ಬರೆದಿಡಿ. ಹಾಡಿನ ಪ್ರತಿ ಸಾಲಿಗೂ. ಪೆನ್ಸಿಲ್ ಹಿಡಿದು ಒಂದು ಕೃತಿಗೆ ಗೆರೆ ಎಳೆದು ನೋಡಿ, ಎಷ್ಟು ಸಾಲಿನಲ್ಲಿ ಸಮದ ಮೇಲೆ ಅಕ್ಷರವೇ ಇಲ್ಲ, ಬರೀ ಎಳೆತ ಇದೆ ಅಂತ ನಿಮಗೇ ಆಶ್ಚರ್ಯವಾಗುತ್ತದೆ.

"ಮೆಟ್ರೊನೋಮ್ ಇಟ್ಕೊಂಡ್ರೆ ಸರಿಯಾಗಿ ಬರುತ್ತೆ. ಆಫ್ ಮಾಡಿದ ಕೂಡಲೇ ಓಡುತ್ತೆ."

ಓಡುವುದು ಸಹಜ. ಕಷ್ಟದ ಜಾಗದಲ್ಲಿ ಓಡುತ್ತೇವೆ, ಎಳೆಯುವ ಜಾಗದಲ್ಲಿ ಕಾಯಲು ತಾಳ್ಮೆ ಸಾಲದೆ ಓಡುತ್ತೇವೆ. ಮೆಟ್ರೊನೋಮ್ ಪ್ರತಿ ಅಕ್ಷರಕ್ಕೂ ಟಿಕ್ ಅಂದರೆ ನೀವು ಕಾಯುವ ಅಗತ್ಯವೇ ಇಲ್ಲ, ಅದೇ ಹೇಳಿಕೊಡುತ್ತದೆ. ಹಾಗಾಗಿ ಒಂದೇ ಸಲ ಆಫ್ ಮಾಡಬೇಡಿ, ಟಿಕ್‌ಗಳನ್ನು ಕಡಿಮೆ ಮಾಡುತ್ತಾ ಹೋಗಿ.

ನಿಮಿಷಕ್ಕೆ 80 ಅಕ್ಷರದ ಕಾಲದಲ್ಲಿ ಹಾಡುತ್ತಿದ್ದೀರಿ ಅಂದುಕೊಳ್ಳಿ. ಮೊದಲು 80ಕ್ಕೆ ಇಟ್ಟು ಹಾಡಿ. ಆಮೇಲೆ 40ಕ್ಕೆ ಇಟ್ಟು ಅದೇ ವೇಗದಲ್ಲಿ ಹಾಡಿ, ಈಗ ಎರಡು ಅಕ್ಷರಕ್ಕೆ ಒಂದು ಟಿಕ್. ಅದೂ ಕೂತ ಮೇಲೆ ಆ 40ರ ಟಿಕ್ ಅನ್ನು ಏಟಿನ ಮೇಲಲ್ಲದೆ ಹುಸಿಯ ಮೇಲೆ ಬೀಳುವ ಹಾಗೆ ಹಾಡಿ. ಇಲ್ಲಿಗೆ ಬಂದಾಗ ಹೆಚ್ಚಿನವರು ಫೋನ್ ಬದಿಗಿಟ್ಟು ನೀರು ಕುಡಿಯಲು ಹೋಗುತ್ತಾರೆ. ಕೆಲವು ಆ್ಯಪ್‌ಗಳಲ್ಲಿ ಒಂದು ಸುತ್ತು ಸದ್ದು, ಒಂದು ಸುತ್ತು ಮೌನ ಅಂತ ಇಡಬಹುದು. ಮೌನದ ಸುತ್ತನ್ನು ಎರಡಕ್ಕೆ, ಮೂರಕ್ಕೆ ಏರಿಸಿ. ಸದ್ದು ವಾಪಸ್ ಬಂದಾಗ ನೀವು ಮುಂದಿದ್ದೀರೋ ಹಿಂದಿದ್ದೀರೋ ನೋಡಿ. ಪ್ರತಿಸಲ ಒಂದೇ ಕಡೆಗೆ ತಪ್ಪುತ್ತಿದ್ದರೆ ಒಳ್ಳೆಯದು, ತಿದ್ದುವುದು ಸುಲಭ.

"ಸರ, ವಿಲಂಬಿತದಾಗ ಸಮ್ ಯಾವಾಗ ಬರತದ ಅಂತ ಗೊತ್ತೇ ಆಗಂಗಿಲ್ರಿ. ನಿದ್ದಿ ಬಂದಂಗ ಆಗತದ."

ಧಾರವಾಡದ ಕಡೆಯಿಂದ ಬಂದ ಪ್ರಶ್ನೆ. ನಿದ್ದೆ ಬರುವುದರಲ್ಲಿ ತಪ್ಪೇನಿಲ್ಲ. ವಿಲಂಬಿತ ಅಂದರೆ ತೀರಾ ನಿಧಾನದ ಕಾಲ. ವಿಲಂಬಿತ ಏಕತಾಲಕ್ಕೆ 12 ಮಾತ್ರೆ. ಹಿಂದೂಸ್ತಾನಿಯಲ್ಲಿ ಮಾತ್ರೆ ಅಂದರೆ ನಮ್ಮ ಅಕ್ಷರದ ಹಾಗೆ ಒಂದು ಎಣಿಕೆ. ಒಂದು ಮಾತ್ರೆಗೆ ನಾಲ್ಕು ಸೆಕೆಂಡ್ ಹಿಡಿದರೆ ಒಂದು ಸುತ್ತಿಗೆ 48 ಸೆಕೆಂಡ್. ಎರಡು ಸೆಕೆಂಡಿಗಿಂತ ದೊಡ್ಡ ಅಂತರವನ್ನು ನೇರವಾಗಿ ಅಂದಾಜು ಮಾಡುವುದು ಯಾರಿಗೂ ಕಷ್ಟ. ಹಾಡುವವರು ಕೂಡ ಅಷ್ಟು ಹೊತ್ತು ಸುಮ್ಮನೆ ಕಾಯುವುದಿಲ್ಲ, ಪ್ರತಿ ಮಾತ್ರೆಯನ್ನೂ ಒಳಗೇ ನಾಲ್ಕಾಗಿ ಒಡೆದುಕೊಂಡಿರುತ್ತಾರೆ.

ಕೇಳುಗರಿಗೆ ತಬಲಾದ ಠೇಕಾನೇ, ಅಂದರೆ ಆ ತಾಳಕ್ಕೆ ಗೊತ್ತುಮಾಡಿದ ನುಡಿಗಳೇ, ದಾರಿ ತೋರಿಸುತ್ತದೆ. ಧಿನ್ ಧಿನ್ ಧಾಗೆ ತಿರಕಿಟ, ತೂ ನಾ ಕತ್ ತಾ, ಧಾಗೆ ತಿರಕಿಟ ಧಿನ್ ನಾ. ಇದರಲ್ಲಿ "ತಿರಕಿಟ" ಎರಡು ಸಲ ಬರುತ್ತದೆ, 4ನೇ ಮಾತ್ರೆಗೆ ಮತ್ತು 10ನೇ ಮಾತ್ರೆಗೆ. ಎಷ್ಟು ನಿಧಾನವಿದ್ದರೂ ಆ ತಿರಕಿಟ ಪಟಪಟ ಅಂತ ಕಿವಿಗೆ ಬೀಳುತ್ತದೆ. ಮೊದಲನೆಯದು ಆದಮೇಲೆ "ತೂ ನಾ" ಬರುತ್ತದೆ. ಎರಡನೆಯದು ಆದಮೇಲೆ "ಧಿನ್ ನಾ", ಅದರ ಬೆನ್ನಿಗೇ ಸಮ್. ಅಂದರೆ ಎರಡನೇ ತಿರಕಿಟ ಕೇಳಿದಾಗ ನೆಟ್ಟಗೆ ಕೂತುಕೊಳ್ಳಿ. ಹಾಡುವವರು ಅಲ್ಲೇ ಎಲ್ಲೋ ಮುಖಡಾ (ಹಾಡಿನ ಮೊದಲ ತುಣುಕು) ಎತ್ತಿಕೊಂಡು ಸಮ್ಮಿಗೆ ಇಳಿಯುತ್ತಾರೆ.

ತೀನ್‌ತಾಲದಲ್ಲಿ 9ನೇ ಮಾತ್ರೆ ಖಾಲಿ, ಅಂದರೆ ಕೈ ತಟ್ಟದೆ ಬೀಸುವ ಜಾಗ. ಅದರ ಆಸುಪಾಸಿನಲ್ಲಿ ಡಗ್ಗಾದ (ತಬಲಾ ಜೋಡಿಯ ಎಡಗೈ ವಾದ್ಯದ) ದಪ್ಪ ನಾದ ಮಾಯವಾಗುತ್ತದೆ, ಅರ್ಧ ದಾರಿ ಆಯಿತು ಅಂತ ಲೆಕ್ಕ. ಆದರೆ ಇದೇ ಗುರುತನ್ನು ರೂಪಕ್ ತಾಲಕ್ಕೆ ಒಯ್ಯಬೇಡಿ. ಅದರ 7 ಮಾತ್ರೆಗಳಲ್ಲಿ ಸಮ್ಮೇ ಖಾಲಿ. ಎಲ್ಲಿ ನಾದ ತೆಳುವಾಯಿತೋ ಅದೇ ಮನೆ.

"ಮಿಶ್ರಚಾಪು, ಖಂಡಚಾಪು ಬಂದ್ರೆ ಕೈ ಕುಂಟುತ್ತೆ."

ಕುಂಟಬೇಕು, ಅದರ ನಡಿಗೆಯೇ ಹಾಗೆ. ಮಿಶ್ರಚಾಪು 3+4, ಖಂಡಚಾಪು 2+3. ಏಳು, ಐದು ಅಂತ ಎಣಿಸಬೇಡಿ. "ತಕಿಟ ತಕದಿಮಿ", "ತಕ ತಕಿಟ" ಅಂತ ಬಾಯಲ್ಲಿ ಹೇಳುತ್ತಾ ಮನೆಯೊಳಗೆ ನಡೆಯಿರಿ, ಪ್ರತಿ ತುಂಡಿನ ಮೊದಲಿಗೆ ಒಂದು ಹೆಜ್ಜೆ. ಒಂದು ವಾರ ಸಾಕು.

"ಮಗ ಡ್ರಮ್ಸ್ ಕ್ಲಾಸಿಗೆ ಹೋಗ್ತಾನೆ. ಜೋರಾಗಿ ಹೊಡೆಯೋದೇ ಒಂದು ಅಂತ ಎಣಿಸ್ತಾನೆ, ಮೇಷ್ಟ್ರು ಬೈತಾರೆ."

ಮಗನ ಕಿವಿ ಸರಿಯಾಗಿದೆ, ಲೆಕ್ಕ ತಪ್ಪಿದೆ. ನಾಲ್ಕು ಎಣಿಕೆಯ ರಾಕ್, ಪಾಪ್, ಹೆಚ್ಚಿನ ಸಿನಿಮಾ ಹಾಡುಗಳಲ್ಲಿ ಚಟ್ ಅಂತ ಕೇಳುವ ಸ್ನೇರ್ ಬೀಳುವುದು 2 ಮತ್ತು 4ಕ್ಕೆ. ಒಂದಕ್ಕೆ ಬೀಳುವುದು ಕಾಲಲ್ಲಿ ಒತ್ತುವ ದೊಡ್ಡ ಡ್ರಮ್ಮಿನ ಧಂ. ಸಣ್ಣ ಫೋನ್ ಸ್ಪೀಕರಿನಲ್ಲಿ ಆ ಧಂ ಸರಿಯಾಗಿ ಕೇಳಿಸುವುದೇ ಇಲ್ಲ, ಚಟ್ ಮಾತ್ರ ಕೇಳುತ್ತದೆ. ಒಳ್ಳೆಯ ಹೆಡ್‌ಫೋನ್ ಕೊಡಿಸಿ, ಬೇಸ್ ಗಿಟಾರ್ ಹಿಂದೆ ಹೋಗಲು ಹೇಳಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

## ಮುಂದೆ ಹೋದವರಿಗೆ

"ತನಿ ಆವರ್ತನದಲ್ಲಿ ಐದು ನಿಮಿಷ ತಾಳ ಹಿಡೀತೀನಿ, ಆಮೇಲೆ ಎಲ್ಲೋ ಬಿಟ್ಟುಹೋಗುತ್ತೆ."

ತನಿ ಅಂದರೆ ಕಛೇರಿಯಲ್ಲಿ ತಾಳವಾದ್ಯದವರು ಮಾತ್ರ ನುಡಿಸುವ ಭಾಗ. ಬಿಟ್ಟುಹೋಗುವುದು ಸಾಮಾನ್ಯವಾಗಿ ನಡೆ ಬದಲಾಗುವಾಗ, ಅಂದರೆ ಅಕ್ಷರವನ್ನು ಒಳಗೆ ಒಡೆಯುವ ರೀತಿ ಬದಲಾಗುವಾಗ. ಆ ಒಳಗಿನ ತುಂಡಿಗೆ ನಮ್ಮಲ್ಲಿ ಮಾತ್ರೆ ಅಂತಾರೆ. ಚತುರಶ್ರ ನಡೆಯಲ್ಲಿ ಅಕ್ಷರಕ್ಕೆ 4 ಮಾತ್ರೆ, ಆದಿತಾಳದ ಸುತ್ತಿಗೆ 32. ತಿಶ್ರಕ್ಕೆ ಬಂದರೆ ಅಕ್ಷರಕ್ಕೆ 3, ಸುತ್ತಿಗೆ 24. ಖಂಡಕ್ಕೆ 5, ಅಲ್ಲಿಗೆ 40. ಬದಲಾಗುವುದು ಒಳಗಿನ ಮಾತ್ರೆ. ಅಕ್ಷರದ ಉದ್ದ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ನೀವು ಕೇಳಿಸಿದ ಏಟಿನ ವೇಗಕ್ಕೆ ಕೈಯ ವೇಗ ಹೊಂದಿಸಲು ಹೋಗುತ್ತೀರಿ, ಅಲ್ಲಿಗೆ ಕಥೆ ಮುಗಿಯಿತು. ಮನೆಯಲ್ಲಿ ಕೈ ಒಂದೇ ಸಮ ತಿರುಗುತ್ತಿರಲಿ, ಬಾಯಲ್ಲಿ ಎರಡು ಆವರ್ತ "ತಕದಿಮಿ", ಎರಡು ಆವರ್ತ "ತಕಿಟ", ಎರಡು ಆವರ್ತ "ತಕತಕಿಟ" ಹೇಳಿ.

ಇನ್ನೊಂದು ಮೋಸ ಕೊನೆಯಲ್ಲಿದೆ. ಹಾಡಿನ ಎಡುಪು ಸಮದಲ್ಲಿ ಇಲ್ಲದಿದ್ದರೆ ತನಿಯ ಕೊನೆಯ ಮುಕ್ತಾಯ ಸಮಕ್ಕೆ ಬೀಳುವುದಿಲ್ಲ, ಎಡುಪಿಗೆ ಬೀಳುತ್ತದೆ. ಅಲ್ಲಿ ಗಾಯಕರು ಪಲ್ಲವಿ ಎತ್ತಿಕೊಳ್ಳುತ್ತಾರೆ. ನಿಮ್ಮ ಕೈ ಸರಿಯಾಗೇ ಇರುತ್ತದೆ, ಆದರೆ "ಅಯ್ಯೋ ನಂದೇ ತಪ್ಪಿತು" ಅಂತ ಬದಲಾಯಿಸಿಬಿಡುತ್ತೀರಿ.

"ಮೂರು ಸಲ ಹೇಳಿ ಸಮಕ್ಕೆ ಬರೋದು ಲೆಕ್ಕಾನಾ, ಅಂದಾಜಾ?"

ಕಟ್ಟುವಾಗ ಲೆಕ್ಕ. ನುಡಿಸುವಾಗ ಲೆಕ್ಕ ಮಾಡುತ್ತಾ ಕೂತರೆ ಆಗದು.

ಒಂದನ್ನು ಈಗಲೇ ಮಾಡಿ ನೋಡಿ. ಆದಿತಾಳ ಹಾಕಿ, ಒಂದು ಅಕ್ಷರಕ್ಕೆ ಎರಡು ಸೊಲ್ಲು (ಏಟನ್ನು ಬಾಯಲ್ಲಿ ಹೇಳುವ ನುಡಿ). ಸಮದ ಏಟು ಬಿಟ್ಟು, ಕಿರುಬೆರಳಿನಿಂದ ಶುರು ಮಾಡಿ "ತ ದಿ ಗಿ ಣ ತೊಂ" ಮೂರು ಸಲ, ನಡುವೆ ಜಾಗ ಬಿಡದೆ. ಐದು ಮೂರಲ ಹದಿನೈದು. ಸುತ್ತಿನಲ್ಲಿರುವುದು 16 ಅರ್ಧಗಳು. ಮೊದಲ ಎರಡು ಬಿಟ್ಟಿರಿ, ಉಳಿದದ್ದು 14. ಹಾಗಾಗಿ ಹದಿನೈದನೆಯ ಸೊಲ್ಲು, ಅಂದರೆ ಕೊನೆಯ "ತೊಂ", ಮುಂದಿನ ಸಮದ ಮೇಲೆ ಕರಾರುವಾಕ್ಕಾಗಿ ಬೀಳುತ್ತದೆ.

ಮೊದಲ "ತೊಂ" ನಡುಬೆರಳಿಗೆ ಸಿಗುತ್ತದೆ, ಹಿತವಾಗಿರುತ್ತದೆ. ಎರಡನೇ "ತೊಂ" ಮೊದಲ ದ್ರುತದ ಹುಸಿ ಮುಗಿದು ಮುಂದಿನ ಏಟು ಬೀಳುವ ಮುಂಚೆ, ಗಾಳಿಯಲ್ಲಿ ಬರುತ್ತದೆ. ಅಲ್ಲೇ ಎಲ್ಲರ ಕೈಯೂ ಜಾರುವುದು. ನಾಲಿಗೆ ಕೈಯನ್ನು ಎಳೆಯುತ್ತದೆ. ಎರಡನೆಯದನ್ನು ಸಮಾಧಾನವಾಗಿ ದಾಟಿದರೆ ಮೂರನೆಯದು ತಾನಾಗಿ ಮನೆ ಸೇರುತ್ತದೆ. ಐವತ್ತು ಸಲ ಹೇಳಿದ ಮೇಲೆ ಸಂಖ್ಯೆ ಮರೆತುಹೋಗಿ, ಮೂರು ತುಂಡಿನ ಒಟ್ಟು ಉದ್ದವೇ ಮೈಗೆ ಗೊತ್ತಾಗಿರುತ್ತದೆ. ಆಗ ಯಾರಾದರೂ ಒಂದು ಸೊಲ್ಲು ಜಾಸ್ತಿ ಹಾಕಿದರೂ, ಸಮ ಬರುವ ಮುಂಚೆಯೇ ನಿಮಗೆ ಕಸಿವಿಸಿ ಶುರುವಾಗುತ್ತದೆ.

"ವೇದಿಕೆ ಮೇಲೆ ತಾಳ ತಪ್ಪಿದ್ರೆ ಏನು ಮಾಡ್ಬೇಕು?"

ನನ್ನ ಕಥೆಯನ್ನೇ ಹೇಳುತ್ತೇನೆ. ಒಂದು ರಾಮನವಮಿ ಪೆಂಡಾಲು. ಹೊರಗೆ ಪಾನಕ ಹಂಚುವ ಗದ್ದಲ. ಸ್ವರಪ್ರಸ್ತಾರ ಜೋರಾಗಿ ಸಾಗಿತ್ತು. ನಾನು ಉತ್ಸಾಹದಲ್ಲಿ ಒಂದು ದೊಡ್ಡ ಮುಕ್ತಾಯ ಹಾಕಿ, ಸಮ ಅಂದುಕೊಂಡ ಕಡೆ ಇಳಿದೆ. ಅದು ಅರ್ಧ ಅಕ್ಷರ ಆಚೆಗಿತ್ತು. ಮಾಡಿದ ತಪ್ಪು ಅಲ್ಲಿಗೇ ನಿಲ್ಲಲಿಲ್ಲ. ಮುಚ್ಚಿಹಾಕಲು ಇನ್ನೂ ವೇಗವಾಗಿ ನುಡಿಸಿದೆ. ಪಿಟೀಲಿನವರು ನನ್ನ ಕಡೆ ವಾಲಿದರು, ಗಾಯಕರು ಇನ್ನೊಂದು ಕಡೆ. ಕೊನೆಗೆ ಗಾಯಕರು ಕೈಯನ್ನು ಎತ್ತರಕ್ಕೆ ಎತ್ತಿ, ತೊಡೆಗೆ ಪಟಾರ್ ಅಂತ ಹೊಡೆದು ಸಮ ತೋರಿಸಿದರು. ಮುಂದಿನ ಸಾಲಿನಲ್ಲಿದ್ದ ಮಕ್ಕಳಿಗೂ ಗೊತ್ತಾಯಿತು.

ಮಾಡಬೇಕಾದದ್ದು ತದ್ವಿರುದ್ಧ. ತಪ್ಪಿತು ಅನಿಸಿದ ಕ್ಷಣ ಕಡಿಮೆ ಮಾಡಿ. ನುಡಿಸುವವರಾದರೆ ಬರೀ ಸರ್ವಲಘು, ಅಂದರೆ ಲೆಕ್ಕಾಚಾರವಿಲ್ಲದ ಸಾದಾ ನುಡಿಸಾಣಿಕೆ, ಅದೂ ಮೆಲ್ಲಗೆ. ಹಾಡುವವರಾದರೆ ಒಂದು ಸ್ವರದ ಮೇಲೆ ನಿಲ್ಲಿ. ತಾಳ ಹಾಕುತ್ತಿರುವ ಕೈ ನೋಡಿ. ನಡುವೆ ಧುಮುಕಬೇಡಿ, ಮುಂದಿನ ಸಮದ ತನಕ ಕಾಯಿರಿ. ಒಂದು ಆವರ್ತ ಅಂದರೆ ಆರು ಏಳು ಸೆಕೆಂಡ್. ನಿಮಗೆ ಯುಗ ಅನಿಸುತ್ತದೆ, ಸಭೆಗೆ ಗೊತ್ತೂ ಆಗುವುದಿಲ್ಲ.

"ನಾವು ಅಮೆರಿಕದಲ್ಲಿದ್ದೀವಿ. ಆನ್‌ಲೈನ್ ಪಾಠದಲ್ಲಿ ಮಗಳ ತಾಳ ಯಾವಾಗ್ಲೂ ಹಿಂದೆ ಅಂತ ಗುರುಗಳು ಅಂತಾರೆ. ಒಬ್ಬಳೇ ಹಾಡಿದ್ರೆ ಸರಿ ಇದೆ."

ಮಗಳದ್ದು ತಪ್ಪಿಲ್ಲ. ದನಿ ಹೋಗಿ ವಾಪಸ್ ಬರಲು ಸಮಯ ಬೇಕು. 80ರ ಕಾಲದಲ್ಲಿ ಚತುರಶ್ರ ನಡೆಯ ಒಂದು ಮಾತ್ರೆ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತಲೂ ಚಿಕ್ಕದು. ಕರೆಯಲ್ಲಿ ಅಷ್ಟು ತಡವಾದರೆ ಸಾಕು, ಗುರುಗಳಿಗೆ ಪೂರ್ತಿ ಒಂದು ಮಾತ್ರೆ ಹಿಂದೆ ಕೇಳುತ್ತದೆ. ಕರೆಯಲ್ಲಿ ಒಟ್ಟಿಗೆ ತಾಳ ಹಾಕುವುದು ಬೇಡ. ಗುರುಗಳು ತಾಳ ಹಾಕಿ ಹಾಡಿದ್ದನ್ನು ರೆಕಾರ್ಡ್ ಮಾಡಿಕೊಂಡು, ಅದರ ಜೊತೆ ಹಾಡಿ, ಅದನ್ನು ವಾಪಸ್ ಕಳಿಸಲಿ.

"ಒಳಗೆ ಕೂತಿದೆ ಅಂತ ನಂಗೆ ಹೇಗೆ ಗೊತ್ತಾಗುತ್ತೆ?"

ಫೋನಿನಲ್ಲಿ ಗೊತ್ತಿರುವ ಕೃತಿಯೊಂದನ್ನು ಹಾಕಿ, ತಾಳ ಶುರು ಮಾಡಿ. ಪಕ್ಕದಲ್ಲಿರುವವರಿಗೆ ಹೇಳಿ, ಮನಸ್ಸು ಬಂದಾಗ ಸದ್ದು ಪೂರ್ತಿ ತಗ್ಗಿಸಲಿ, ಮನಸ್ಸು ಬಂದಾಗ ಏರಿಸಲಿ. ಮೊದಲು ಕೈಯಲ್ಲಿ ತಾಳ ಹಾಕುತ್ತಾ, ಆಮೇಲೆ ಕೈ ಕಟ್ಟಿಕೊಂಡು. ಸದ್ದು ವಾಪಸ್ ಬಂದಾಗ ಬೆರಳೂ ಅಲ್ಲಾಡಿಸದೆ ಕೂತಿದ್ದ ನೀವು, ಮುಂದಿನ ಸಮಕ್ಕೆ ಒಂದು ಚಪ್ಪಾಳೆ ತಟ್ಟಬೇಕು. ಮೂರು ಆವರ್ತದ ಮೌನ ದಾಟಿ ಸರಿಯಾಗಿ ತಟ್ಟಿದರೆ ನನಗೊಂದು ಮೆಸೇಜ್ ಹಾಕಿ. ಐದು ದಾಟಿದರೆ ಪಾಠಕ್ಕೆ ಬನ್ನಿ, ಮಿಶ್ರ ನಡೆ ಕೊಡುತ್ತೇನೆ.